ನಾರಿನ್‌ನ ಯಂತ್ರ

ಬಿಷ್ಕೆಕ್, ೯ ಮಾರ್ಚ್ ೨೦೦೩

ಬುರುಲ್ಚಾ ಅಮ್ಮನಿಗೆ,

ಯಂತ್ರ ಕೆಟ್ಟಿದ್ದರಿಂದ ನಿಮ್ಮ ಉಲಾರ್ ನಾರಿನ್ ಊರಿಗೆ ಹೊರಟ ಎಂದು ಕಚೇರಿಯವರು ನಿಮಗೆ ಹೇಳಿದ್ದಾರೆ. ಯಂತ್ರ ಕೆಟ್ಟಿರಲಿಲ್ಲ.

ಅಲ್ಲಿನ ಇಂಟರ್ನೆಟ್ಟಿನ ಲೀಸ್ಡ್ ಲೈನಿಗೆ ದುಬಾರಿ ರೂಟರ್ ಬದಲು ಅವನೇ ಒಂದು ಸಾಧಾರಣ ಕಂಪ್ಯೂಟರಿಗೆ ಯುನಿಕ್ಸ್ ಹಾಕಿ ಕೂರಿಸಿದ್ದ. ನಾವಿಬ್ಬರೂ ಇಲ್ಲಿಂದಲೇ ಅದನ್ನು ನೋಡಿಕೊಳ್ಳುತ್ತಿದ್ದೆವು. "ಯಾರನ್ನ ಒಳಗೆ ಬಿಡಬೇಕು ಅನ್ನೋ ನಿಯಮ ಬದಲಿಸೋ ಮುಂಚೆ, ಹತ್ತು ನಿಮಿಷಕ್ಕೆ ತಾನೇ ಮೊದಲಿನಂತಾಗು ಅಂತ ಅದಕ್ಕೆ ಹೇಳಿಡು" ಎಂದು ನನಗೆ ಕಲಿಸಿದ್ದ. ಆ ದಿನ ನಾನು ಹೇಳಿಡಲಿಲ್ಲ. ಒಂದು ಸಾಲು ತಪ್ಪು ಬರೆದೆ. ಯಂತ್ರ ನಮ್ಮನ್ನೇ ಒಳಗೆ ಬಿಡದಾಯಿತು. ಯಾರಾದರೂ ಅಲ್ಲಿಗೇ ಹೋಗಿ ಆ ಸಾಲನ್ನು ಅಳಿಸಬೇಕಿತ್ತು.

"ಬೀಗದ ಕೈ ಒಳಗಿಟ್ಟು ಬಾಗಿಲು ಎಳ್ಕೊಂಡ್ಯಲ್ಲೇ, ಮಹಾರಾಯ್ತಿ! ನೀನಿರು, ಹಿಮ ಬೀಳ್ತಿದೆ, ನಾನು ಹೋಗ್ತೀನಿ" ಎಂದು ನಗುತ್ತಲೇ ಹೊರಟ. ದೊಲೊನ್ ಘಟ್ಟದಲ್ಲಿ ಅವನ ಕಾರು ಜಾರಿತು.

ಅವನು ತೀರಿಕೊಂಡ ನಲವತ್ತನೆಯ ದಿನದ ಊಟದಲ್ಲಿ ನೀವು ನನ್ನ ತಲೆ ಸವರಿ, "ಮದುವೆ ಗೊತ್ತಾದಾಗ ನಾನು ತೊಡಿಸಿದ ಓಲೆ ತೆಗೀಬೇಡ ಮಗಳೇ, ನೀನು ನನ್ನ ಸೊಸೇನೇ" ಅಂದಿರಿ. ಆಗಲೂ ನಾನು ಬಾಯಿ ಬಿಡಲಿಲ್ಲ.

ಓಲೆಗಳನ್ನು ಬಿಚ್ಚಿ, ನೀವು ಕೊಟ್ಟ ಕರವಸ್ತ್ರದಲ್ಲೇ ಕಟ್ಟಿಟ್ಟಿದ್ದೇನೆ. ಅಂಚೆಯಲ್ಲಿ ಕಳಿಸಲೇ, ನಾನೇ ತರಲೇ, ಒಂದು ಸಾಲು ಬರೆದು ತಿಳಿಸಿ.

ಚೊಲ್ಪೊನ್