ತಿಮ್ಮಣ್ಣನ ಎಡಗಾಲು

ಫೆ. 27, ಬೆಳಿಗ್ಗೆ 7
ತಮ್ಮ ತಿಮ್ಮಣ್ಣನ ಎಡಗಾಲಿಗೆ ಎಣ್ಣೆ ಹಚ್ಚಿದೆ. ಇಪ್ಪತ್ತು ಸಲ ಮಡಚಿ ಚಾಚಿಸಿದೆ. ಡಾಕ್ಟರ್ ಹೇಳಿದ ಎಕ್ಸರ್‌ಸೈಜ್. ಲಕ್ವಾ ಹೊಡೆದು ಐದು ತಿಂಗಳು. ಸ್ವಲ್ಪ ಜೋರಾಗಿಯೇ ಮಡಚಿದೆ... ಅವನ ಕಣ್ಣಲ್ಲಿ ನೀರು. ಎರಡು ವರ್ಷದ ಹಿಂದೆ ಕುಡಿದು ಬೈಕ್ ಓಡಿಸಿ ನನ್ನ ಹೆಂಡತಿ ಶಿವಲೀಲಾಳನ್ನು ಕಾಲುವೆಗೆ ಕೆಡವಿದ. ತಾನು ಈಜಿ ಬಂದ. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ ಇದೆ, ಬಿ.ಎ.ಯಲ್ಲಿ ಓದಿದ್ದೆ. ನೆಗ್ಲಿಜೆನ್ಸ್? ಅಲ್ಲ — ಅದಕ್ಕಿಂತ ದೊಡ್ಡದು.

ಮಾ. 1
ಶ್ರೀರಾಮನಗರದಿಂದ ಪಾಸ್ಟರ್ ಬಂದಿದ್ದರು. ತಿಮ್ಮಣ್ಣ ಮತ್ತು ಅವನ ಹೆಂಡತಿ ಹುಲಿಗವ್ವ ಈಗ ಅವರ ಪ್ರಾರ್ಥನೆಗೆ ಹೋಗುತ್ತಾರೆ.
"ಬೈಬಲ್‌ನ್ಯಾಗ ಲಕ್ವಾ ಹೊಡದಾವಗ ಯೇಸಪ್ಪ ಮೊದ್ಲ ಏಳು ಅನ್ನಲಿಲ್ರಿ. ನಿನ್ನ ಪಾಪ ಕ್ಷಮಿಸೀನಿ ಅಂದ. ಕಾಲು ಆಮ್ಯಾಲ. ದೇವ್ರು ಕ್ಷಮಿಸ್ಯಾನ, ನೀವಷ್ಟ ಉಳದೀರಿ."
"ದೇವ್ರಿಗೇನ್ರಿ, ಕಾಲುವ್ಯಾಗ ಸತ್ತಾಕಿ ಆತನ ಹೆಂಡ್ತಿ ಅಲ್ಲ" ಎಂದೆ.
ಹುಲಿಗವ್ವ ನನ್ನ ಕಾಲು ಹಿಡಿದಳು. "ಭಾವಾರ, ಒಂದ್ ಮಾತು ಅನ್ರಿ."

ಮಾ. 3, ಭಾನುವಾರ
ಪ್ರಾರ್ಥನೆಗೆ ಹೋದೆ. ಎಲ್ಲರೆದುರು ಅವನ ತಲೆ ಮೇಲೆ ಕೈಯಿಟ್ಟು "ಕ್ಷಮಿಸೀನಿ" ಎಂದೆ. ಬರೀ ಬಾಯಿಂದ. ಆಮೇಲೂ ಏಳಲಾಗದೆ ಬಿದ್ದಾಗ ಅವನ ಮುಖ ನೋಡಬೇಕೆಂದಿದ್ದೆ, ಅದಕ್ಕೇ.
ಎದ್ದ. ಯಾರನ್ನೂ ಹಿಡಿಯದೆ ನಾಲ್ಕು ಹೆಜ್ಜೆ! ಜನ ಅತ್ತರು, ನನ್ನನ್ನೂ ತಬ್ಬಿಕೊಂಡರು. ಮಿರಾಕಲ್.

ಮಾ. 19
ದಿನಾ ಊರ ಅಗಸಿ ಬಾಗಿಲವರೆಗೆ ನಡೆಯುತ್ತಾನೆ. ಹಾಡು ಬೇರೆ. ಇವತ್ತು ಶಿವಲೀಲಾಳ ಫೋಟೊ ಇಳಿಸಿ ಆ ಮೊಳೆಗೆ ಪಾಸ್ಟರ್ ಕೊಟ್ಟ ಕ್ಯಾಲೆಂಡರ್ ಹಾಕಿದ್ದಾನೆ.
"ಅದು ಮುಗೀತಲ್ಲಣ್ಣ. ನೀನ ಕ್ಷಮಿಸಿದೆಲ್ಲ?"

ಮಾ. 20
ಹೇಳಿಬಿಟ್ಟೆ. ಚಹಾ ಕುಡಿಯುತ್ತ ಅಂಗಳದಲ್ಲಿ ನಿಂತಿದ್ದ.
"ತಿಮ್ಮಾ, ಅವತ್ತು ಅಂದಿದ್ದು ಸುಳ್ಳು. ನಾ ನಿನ್ನ ಕ್ಷಮಿಸಿಲ್ಲ. ಸಾಯೂತನಾ ಕ್ಷಮಿಸಂಗಿಲ್ಲ."
"ಚಾಷ್ಟಿ ಮಾಡಬ್ಯಾಡಣ್ಣ" ಎಂದು ನಕ್ಕ. ನನ್ನ ಮುಖ ನೋಡಿದ. ಎಡ ಮೊಣಕಾಲು ಕುಸಿಯಿತು. ನೋಡಿದೆ — ನೋಡಬೇಕೆಂದಿದ್ದ ಮುಖ. ಚೆನ್ನಾಗಿತ್ತು.

ಮಾ. 23
ಡಾಕ್ಟರ್ ಬಂದು ಹೋದರು. "ನರದಾಗ ಹೊಸಾದೇನೂ ಇಲ್ರಿ. ಹೆದರ್ಯಾನ." ಮೂರು ದಿನದಿಂದ ಹಾಸಿಗೆ ಬಿಟ್ಟೆದ್ದಿಲ್ಲ, ಅನ್ನವಿಲ್ಲ, ನೀರೂ ಒಂದೆರಡು ಗುಟುಕಷ್ಟೇ. ಹುಲಿಗವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮಗ್ಗಲು ಬದಲಿಸಲು ಎತ್ತಿದರೆ ಕೂಸಿನಷ್ಟು ಹಗುರ. ಇಷ್ಟು ನನಗೆ ಬೇಕಿರಲಿಲ್ಲ. ಬೇಕಿತ್ತು... ಈಗ ಬೇಡ.

ಮಾ. 24, ಭಾನುವಾರ
ಅವನ ಹತ್ತಿರ ಕೂತೆ. ಪಾಸ್ಟರ್ ಇಲ್ಲ, ಜನ ಇಲ್ಲ. "ತಿಮ್ಮಾ, ಕ್ಷಮಿಸೀನೋ. ಖರೇನ." ಸಿನ್ಸಿಯರ್ಲಿ.
ಬಹಳ ಹೊತ್ತು ನನ್ನ ಕಣ್ಣೊಳಗೆ ನೋಡಿದ.
"ಮತ್ತ ಆಟ ಆಡಾಕ ಬಂದೀ ಏನಣ್ಣ?"
ಗೋಡೆಯ ಕಡೆ ತಿರುಗಿಕೊಂಡ. ಲೋಟ ಬಾಯಿಗಿಟ್ಟರೆ ಹಲ್ಲು ಕಚ್ಚಿಕೊಂಡ. ಈ ಸಲ ಸುಳ್ಳಲ್ಲ, ಈ ಸಲ ನಾನು ನಿಜವಾಗಿ—