ಅಕ್ಕನ ಲ್ಯಾಪ್‌ಟಾಪಿಗೆ ದನಿ ಬಂದದ್ದು

ನವೆಂಬರ್ ೧೪, ಶುಕ್ರವಾರ

ಅಂತೂ ಇಂದು ಸದ್ದು ಬಂತು. ಅಕ್ಕನ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿ ವಾರವಾಗಿತ್ತು. ವೈಫೈ, ಕನ್ನಡ ಕೀಲಿಮಣೆ ಎಲ್ಲ ಸರಿಹೋದರೂ ಸ್ಪೀಕರ್ ಮಾತ್ರ ಜಪ್ಪಯ್ಯ ಅಂದರೂ ಬಾಯಿ ಬಿಟ್ಟಿರಲಿಲ್ಲ. ಗಂಟಲಿನ ಆಪರೇಷನ್ನಿನಲ್ಲಿ ದನಿ ಕಳೆದುಕೊಂಡವಳಿಗೆ, ಟೈಪ್ ಮಾಡಿದ್ದನ್ನು ಓದಿ ಹೇಳಬೇಕಾದ ಯಂತ್ರವೂ ಮೂಕವಾದರೆ ಹೇಗೆ?

ಬೆಳಿಗ್ಗೆ ಲಿನಕ್ಸಿನ ತಿರುಳಾದ ಕರ್ನಲ್ಲನ್ನೇ ಬದಲಿಸಿ, ಹೊಸದು ಹಾಕಿ ಲ್ಯಾಪ್‌ಟಾಪ್ ಮತ್ತೆ ಶುರು ಮಾಡಿದೆ. ಟಿಣ್ ಅಂತು. ಅಕ್ಕನನ್ನು ಕರೆದು ಕೂರಿಸಿದೆ. ಅವಳು ಒಂದೊಂದೇ ಅಕ್ಷರ ಒತ್ತಿದಳು.

"ಇದು ನಾನಲ್ಲ. ಮುಚ್ಚಿಡು," ಎಂದಿತು ಯಾವುದೋ ಗಂಡಸಿನ ಒಣ ದನಿ.

ಜೀವನವಿಡೀ ಮಕ್ಕಳಿಗೆ ಹಾಡು ಕಲಿಸಿದವಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಮುಚ್ಚಿಡಲೂ ಮನಸ್ಸು ಬಾರದೆ, ಹಾಗೇ ಬಿಟ್ಟು ಹೊರಗೆ ಬಂದೆ.

ಸಂಜೆ ಭಾವ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಕೋಣೆಯಿಂದ ಅದೇ ಒಣ ದನಿ ಕೇಳಿಸಿತು: "ರೀ, ಎಲ್ಲಿದ್ದೀರಿ? ಸ್ವಲ್ಪ ಬನ್ನಿ."

"ಬಂದೆ ಕಣೇ, ಕೈ ಒದ್ದೆ ಇದೆ," ಎಂದರು ಭಾವ, ತಲೆಯೆತ್ತದೆ.

ಆಮೇಲೆ ಅರಿವಾಗಿ, ನಲ್ಲಿ ನಿಲ್ಲಿಸಿದರು. ಆಪರೇಷನ್ ಆದಂದಿನಿಂದ ಅವಳು ಅವರನ್ನು ಚಪ್ಪಾಳೆ ತಟ್ಟಿಯೇ ಕರೆಯುತ್ತಿದ್ದಳು. ಒದ್ದೆ ಕೈಯಲ್ಲೇ ಒಳಗೆ ಓಡಿದರು. ನಾನು ಹಿಂದೆ ಹೋಗಲಿಲ್ಲ.

"ಇನ್ನೊಂದ್ಸಲ ಕರಿ," ಎನ್ನುತ್ತಿದ್ದರು ಭಾವ. "ಇಲ್ಲೇ ಇದೀನಿ, ಆದ್ರೂ ಕರಿ."