ಲಟ್ಟಣಿಗಿಗೆ ಇಟ್ಟ ಜಾಗ

ಕೇಶ್ವಾಪುರ, ಹುಬ್ಬಳ್ಳಿ
೨೨ ಜೂನ್ ೨೦೦೮

ಪ್ರೀತಿಯ ಸುಲಭಾ ಕಾಕು,

ನಿನಗೂ ಪಂಢರಿನಾಥ ಕಾಕಾನಿಗೂ ನಿಮ್ಮ ಸುಮಿಯ ನಮಸ್ಕಾರ. ಪತ್ರ ತಡವಾಯಿತು, ಬೈಯಬೇಡ. ಬೈಯಲೇಬೇಕೆಂದರೆ ಇಲ್ಲಿಗೆ ಬಂದು, ಎದುರಿಗೆ ಕೂತು ಬೈಯಿ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀ. ನಿಮ್ಮ ಫೋನೂ ನಡುಮನೆಯಲ್ಲಿ, ನಮ್ಮದೂ ನಡುಮನೆಯಲ್ಲಿ. ನೀನು ಫೋನಿನಲ್ಲಿ "ಹ್ಞೂಂ, ಹ್ಞೂಂ" ಬಿಟ್ಟು ಬೇರೆ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.

ಕೇದಾರ ಹೋದ ತಿಂಗಳು ಧಾರವಾಡದಿಂದ ಬರುವಾಗ ನೀನು ಕೊಟ್ಟ ಗಂಟು ತಂದ. ಅಣ್ಣನಾದರೂ ದಾರಿಯಲ್ಲೇ ಬಿಚ್ಚಿ ಅರ್ಧ ಚಕ್ಕುಲಿ ಮುಗಿಸಿದ್ದ. ಗುರೆಳ್ಳು ಚಟ್ನಿಯ ಡಬ್ಬಿಯ ಪಕ್ಕದಲ್ಲಿ, ನಿನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದದ್ದು ನಾವು ಚಿಕ್ಕಂದಿನಲ್ಲಿ ಕೈಯಲ್ಲಿ ಹಿಡಿದು ಆಡುತ್ತಿದ್ದ ನಮ್ಮ ಬ್ರಿಕ್ ಗೇಮ್! ನಾನು ಕಿರುಚಿದ್ದಕ್ಕೆ ಅತ್ತೆಯವರು ಪೂಜೆ ಬಿಟ್ಟು ಓಡಿಬಂದರು.

ಗಂಟಿನ ಜತೆಗೆ ನೀನು ಹೇಳಿಕಳಿಸಿದ್ದನ್ನೂ ಕೇದಾರ ನಿನ್ನದೇ ದನಿಯಲ್ಲಿ ಒಪ್ಪಿಸಿದ: "ಸುಮೀಗೆ ಏನರೆ ವಿಶೇಷ ಅದ ಏನ ಕೇಳು. ಇದ್ದರ ನಾ ಈಗ ಬರೂದಿಲ್ಲ. ಕುಬಸದ ಕಾರ್ಯ ಎಲ್ಲಾ ಮುಗೀಲಿ, ಆಮ್ಯಾಲೆ ಬರ್ತೀನಿ." ಮಕ್ಕಳಿಲ್ಲದವಳು ಬಸುರಿಯ ಉಡಿ ತುಂಬುವಲ್ಲಿ ಮುಂದೆ ನಿಲ್ಲಬಾರದು ಎಂದು ನಿನಗೆ ಯಾರು ಹೇಳಿದರೋ, ಅವರು ಸಿಕ್ಕರೆ ನಾನು ಸುಮ್ಮನೆ ಬಿಡುವವಳಲ್ಲ. ನಿನ್ನ ಪ್ರಶ್ನೆಗೆ ಉತ್ತರ ಕೊನೆಗೆ ಬರೆಯುತ್ತೇನೆ. ಮೊದಲು ಗೇಮಿನ ಸುದ್ದಿ ಕೇಳು.

ಹೊಸ ಸೆಲ್ ಹಾಕಿದ ಕೂಡಲೇ ಅದೇ ಕೀರಲು ಹಾಡು. ದನಿ ಬಂದ್ ಮಾಡುವ ಗುಂಡಿ ಇವತ್ತಿಗೂ ಕೆಲಸ ಮಾಡುವುದಿಲ್ಲ! ಅತ್ತೆಯವರು, "ಏನವಾ ಇದು, ಮನ್ಯಾಗ ಕೋಳಿಮರಿ ತಂದೀಯೇನ?" ಎಂದರು. ಈಗ ಅವರೇ ಮಧ್ಯಾಹ್ನ ಊಟವಾದ ಮೇಲೆ ಕಾರಿನ ಆಟ ಆಡುತ್ತಾರೆ. ಕಾರು ಬಲಕ್ಕೆ ಹೋದರೆ ಅವರೂ ಕುರ್ಚಿಯ ಸಮೇತ ಬಲಕ್ಕೆ ವಾಲುತ್ತಾರೆ. ನಮ್ಮವರಿಗೆ ಮಾತ್ರ ಆ ಕಪ್ಪೆ ರಸ್ತೆ ದಾಟುವ ಆಟವೇ ಬೇಕು. ಪ್ರತಿ ಸಲ ಕಪ್ಪೆಯನ್ನು ಕೊಂದು ನನ್ನ ಮೇಲೆ ರೇಗುತ್ತಾರೆ.

ಕಾಕಾ ಅದನ್ನು ಇಲ್ಲಿಯ ದುರ್ಗದಬೈಲಿನ ಪೇಟೆಯಿಂದ ತಂದ ದಿನ ನೆನಪಿದೆಯೇ? ನಾನು, ಕೇದಾರ ಕಿತ್ತಾಡಿ ಅದರ ಹಿಂದಿನ ಮುಚ್ಚಳ ಅಂದೇ ಕಳೆದೆವು. ಸೆಲ್ ಬೀಳಬಾರದೆಂದು ನೀನು ನಿನ್ನ ಜಡೆಯ ರಿಬ್ಬನ್ ಸುತ್ತಿಕೊಟ್ಟೆ. ಮೇಲಿಂದ ಬೀಳುವ ಇಟ್ಟಿಗೆಗಳಿಗೆಲ್ಲ ಹೆಸರಿಟ್ಟವಳೂ ನೀನೇ. ಚೌಕದ್ದು ಬರ್ಫಿ, ಮೂಲೆ ಮುರಿದದ್ದು ಖುರ್ಚಿ, ಉದ್ದನೆಯದು ಲಟ್ಟಣಿಗಿ. ಆದರೆ ನಿನಗೆ ಆಡಲು ಬಿಡುವೆಲ್ಲಿ? ಬೆಳಗಾದರೆ ಒಲೆ, ಬಾವಿ, ಬಂದವರು, ಹೋದವರು.

ನಿನಗೆ ಬಿಡುವು ಸಿಗುತ್ತಿದ್ದದ್ದು ತಿಂಗಳಲ್ಲಿ ಮೂರು ದಿನ, ನೀನು ಹೊರಗೆ ಕೂತಾಗ. ಹಿತ್ತಲ ಪಡಸಾಲೆಯಲ್ಲಿ ನಿನ್ನ ಚಾಪೆ, ನಿನ್ನ ತಂಬಿಗೆ. ಗೇಮ್ ನೀನು ಮುಟ್ಟಿದ ಮೇಲೆ ನಮಗೆ ಮುಟ್ಟುವಂತಿಲ್ಲ, ಆದ್ದರಿಂದ ಮೂರು ದಿನವೂ ಅದು ನಿನ್ನದೇ. ನಾವು ದೂರ ಕೂತು "ಎಡಕ್ಕ! ಕಾಕು, ಎಡಕ್ಕ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದೆವು. ನೀನು ಬೇಕೆಂದೇ ಬಲಕ್ಕೆ ಒತ್ತುತ್ತಿದ್ದೆ. ಆ ದಿನಗಳು ಯಾವಾಗ ಬರುತ್ತವೋ ಎಂದು ನಾವು ಕಾಯುತ್ತಿದ್ದೆವು, ಕಾಕು. ಪಡಸಾಲೆಯಿಂದ ಆ ಕೀರಲು ಹಾಡು ಕೇಳಿದರೆ ಸಾಕು, ಪಾಟಿಚೀಲ ಬಿಸಾಡಿ ಹಿತ್ತಲಿಗೆ ಓಟ.

ನಾಲ್ಕನೆಯ ದಿನದ ಆ ಫಜೀತಿ! ಗೇಮನ್ನು ಒಳಗೆ ತರುವುದು ಹೇಗೆ ಎಂದು ಕೇದಾರ ಲಕ್ಷ್ಮೀಬಾಯಿ ಅಜ್ಜಿಯನ್ನು ಕೇಳಿದ. ಅಜ್ಜಿ ಕಣ್ಣು ಮುಚ್ಚಿ ಜಪ ಮಾಡುತ್ತಲೇ, "ನೀರು ಹಾಕಿ ಒಳಗ ತೊಗೋರಿ," ಎಂದುಬಿಟ್ಟರು. ಅವರು ಚಾಪೆ, ತಂಬಿಗೆಯ ಮಾತೆಂದುಕೊಂಡಿದ್ದರು, ಪಾಪ. ಈ ವಿಧೇಯ ಮೊಮ್ಮಗ ಗೇಮನ್ನು ಬಾವಿಕಟ್ಟೆಗೆ ಒಯ್ದು ಒಂದು ಕೊಡ ನೀರು ಸುರಿದ! ನಾನು ಅತ್ತೆ, ಅವನು ಅತ್ತ, ಅಜ್ಜಿಯೂ ಗಾಬರಿಯಾಗಿ, "ಅಯ್ಯ, ಅದಕ್ಕ ತುಳಸಿ ನೀರು ಸಿಂಪಡಿಸಿದ್ರ ಸಾಕಿತ್ತಲ್ಲೋ!" ಎಂದರು. ನೀನು ಮಾತ್ರ ಅದನ್ನು ಒರೆಸಿ, ಹಪ್ಪಳದ ಜತೆ ಮಾಳಿಗೆಯ ಮೇಲೆ ಬಿಸಿಲಿಗೆ ಒಣಹಾಕಿದೆ. ಎರಡು ದಿನದ ಮೇಲೆ ಜೀವ ಬಂತು, ದನಿ ಬಂದ್ ಮಾಡುವ ಗುಂಡಿಯೊಂದು ಸತ್ತಿತ್ತು, ಅಷ್ಟೇ. ಅಂದಿನಿಂದ ನೀನು ಆಡಿದರೆ ಓಣಿಗೆಲ್ಲ ಕೇಳುತ್ತಿತ್ತು. ಆ ಹಾಡು ಶುರುವಾದರೆ ಅಜ್ಜಿಯ ಮುಖ ಮಾತ್ರ ಸಪ್ಪಗಾಗುತ್ತಿತ್ತು.

ನಿನ್ನ ಆಟದ ರೀತಿಯೇ ಬೇರೆ. ಒಂದು ಅಂಚಿನಲ್ಲಿ ಮೇಲಿಂದ ಕೆಳಗಿನವರೆಗೆ ಸಂದು ಬಿಟ್ಟು ಕಟ್ಟುತ್ತ ಹೋಗುತ್ತಿದ್ದೆ. "ಜಾಗಾ ಖಾಲಿ ಇಡ್ರಿ, ಲಟ್ಟಣಿಗಿ ಬರ್ತದ." ಅದು ಬಂದು ಸಂದಿನಲ್ಲಿ ಕೂತರೆ ನಾಲ್ಕು ಸಾಲು ಒಮ್ಮೆಗೇ ಮಾಯ. ಬರದಿದ್ದರೆ ಎಂದು ಕೇದಾರ ಒಮ್ಮೆ ಕೇಳಿದ. "ಬರದಿದ್ರ ಆಟ ಮುಗೀತದ. ಮತ್ತ ಚಾಲೂ ಮಾಡೂದು." ಹಾಗೆಂದು ನಕ್ಕೆ. ಇಟ್ಟಿಗೆ ನೆತ್ತಿಗೇರಿ ಸೋತಾಗಲೂ ನೀನು ನಗುತ್ತಿದ್ದೆ. ನಾನು ಸೋತರೆ ಈಗಲೂ ಗೇಮನ್ನು ಹಾಸಿಗೆಯ ಮೇಲೆ ಎಸೆಯುತ್ತೇನೆ.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿಯಿತು, ಗಟಾರಕ್ಕೂ ರಸ್ತೆಗೂ ವ್ಯತ್ಯಾಸ ಉಳಿದಿಲ್ಲ. ಕಾಕಾನ ಮೊಣಕಾಲು ಹೇಗಿದೆ? ಅವರಿಗೆ ಊಟಕ್ಕೆ ಏನು ಮಾಡಲಿ ಎಂದು ನೆಪ ಹೇಳಬೇಡ, ಕೇದಾರನನ್ನು ಅಲ್ಲಿ ಕೂಡಿಸಿ ಬಾ. ಇಬ್ಬರೂ ಅವಲಕ್ಕಿ ತಿಂದುಕೊಂಡಿರಲಿ. ಸಣ್ಣವಳಾದರೂ ಈ ಸಲ ಆಶೀರ್ವಾದ ನನ್ನದು: ನಿನ್ನ ಹೆಬ್ಬೆರಳು ಸದಾ ಚುರುಕಾಗಿರಲಿ, ಕನ್ನಡಕದ ನಂಬರು ಏರದಿರಲಿ.

ನಿನ್ನ
ಸುಮೇಧಾ

ತಾ.ಕ.: ವಿಶೇಷ ಏನೂ ಇಲ್ಲ, ಕಾಕು. ಆದ್ದರಿಂದ ನೀನು ಬರಬಹುದು. ಈ ತಿಂಗಳು ದಿನ ಮುಂದೆ ಹೋಗಿತ್ತು. ಹೌದೆಂದೇ ಬರೆಯೋಣ ಎಂದು ಕಾದೆ, ಪತ್ರ ತಡವಾದದ್ದು ಅದಕ್ಕೇ. ನಿನ್ನೆ ಬೆಳಿಗ್ಗೆ ಆ ಆಸೆಯೂ ಮುಗಿಯಿತು. ಈ ಮನೆಯಲ್ಲಿ ಯಾರೂ ನನ್ನನ್ನು ಹೊರಗೆ ಕೂಡಿಸುವುದಿಲ್ಲ. ನಾನೇ ಕೋಣೆಯ ಬಾಗಿಲು ಹಾಕಿಕೊಂಡು ಗೇಮ್ ಚಾಲೂ ಮಾಡಿದೆ. ಆ ಹಾಡು ಕೇಳಿದಾಗ ಅಜ್ಜಿಯ ಮುಖ ಯಾಕೆ ಸಪ್ಪಗಾಗುತ್ತಿತ್ತು ಎಂದು ನಿನ್ನೆ ತಿಳಿಯಿತು. ತಿಂಗಳಿಗೊಮ್ಮೆ ನಾವಿಬ್ಬರು ಕುಣಿಯುತ್ತ ನಿನ್ನೆದುರು ಬಂದು ಕೂರುತ್ತಿದ್ದೆವಲ್ಲ, ಆಗ ನೀನು ಹೇಗೆ ನಗುತ್ತಿದ್ದೆ? ಔಷಧಿ, ಹರಕೆ ಏನೂ ತರಬೇಡ. ಅದೊಂದನ್ನು ಹೇಳಿಕೊಡು ಬಾ.